ಹಳೆಯ ಗೋಡೆ, ಹೊಸ ಮೇಜು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಪದಾಧಿಕಾರಿಗಳು ಕೇಳಿದ್ದರು. ಶಿಕ್ಷಣ ಮುಖ್ಯ ಎಂಬುದು ಈ ಸಭೆಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿರುವುದರಿಂದಲೇ ನೀವು ಇಲ್ಲಿ ಕುಳಿತಿದ್ದೀರಿ. ಆದ್ದರಿಂದ ನಾನು ಬೇರೊಂದು ಪ್ರಶ್ನೆ ಕೇಳುತ್ತೇನೆ. ನಾವು ಶುಲ್ಕ ಕಟ್ಟಿ ಕಾಲೇಜಿಗೆ ಕಳಿಸಿದ ಮಗು ಎಲ್ಲಿ ಕುಳಿತು ಓದುತ್ತದೆ?

ಎರಡು ಕೋಣೆಯ ಮನೆ. ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಅಜ್ಜಿ, ತಮ್ಮ, ಟಿ.ವಿ. ಹನೂರಿನ ಕಡೆಯಿಂದ ಬರುವ ಹುಡುಗಿಗೆ ಮಧ್ಯಾಹ್ನ ತರಗತಿ ಮುಗಿದರೂ ಬಸ್ಸು ಸಂಜೆಗೆ. ಅಷ್ಟು ಹೊತ್ತು ಅವಳು ಎಲ್ಲಿರಬೇಕು? ಎಂ.ಎಸ್ಸಿ. ಮಾಡುವ ಹುಡುಗ ಪ್ರಾಜೆಕ್ಟ್ ವರದಿಯನ್ನು ಮೊಬೈಲಿನಲ್ಲಿ ಬೆರಳಿನಿಂದ ಟೈಪ್ ಮಾಡಿದ್ದನ್ನು ನೋಡಿದ್ದೇನೆ. ಶುಲ್ಕ ನಾವು ಕೊಟ್ಟೆವು. ಮೇಜು, ಕುರ್ಚಿ, ದೀಪ, ಸದ್ದಿಲ್ಲದ ಎರಡು ಗಂಟೆ ಕೊಡಲಿಲ್ಲ.

ಈ ಪ್ರಶ್ನೆಯನ್ನು ಇಂದು ಎತ್ತಲು ಕಾರಣ ಇದೆ. ಟ್ರಸ್ಟಿಗೆ ದಾನವಾಗಿ ಬಂದಿರುವ ಹಳೆಯ ಮನೆ ನಿಮಗೆಲ್ಲ ಗೊತ್ತು. ದಪ್ಪ ಗೋಡೆ, ತೇಗದ ತೊಲೆ, ಮೇಲೆ ಹೆಂಚು, ಮುಂದೆ ಜಗುಲಿ, ನಡುವೆ ದೊಡ್ಡ ಪಡಸಾಲೆ. ಹಲವು ವರ್ಷಗಳಿಂದ ಬೀಗ ಹಾಕಿದೆ. ಅದನ್ನು ಕೆಡವಿ ಅಂಗಡಿ ಮಳಿಗೆ ಕಟ್ಟಿಸೋಣ, ಬಾಡಿಗೆ ಬಂದರೆ ಇನ್ನಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬಹುದು ಎಂಬುದು ಒಂದು ಅಭಿಪ್ರಾಯ. ಗೋಡೆ ಉಳಿಸಿಕೊಂಡು, ಒಳಗನ್ನು ಮಾತ್ರ ಸರಿಪಡಿಸಿ, ಕಾಲೇಜು ಮಕ್ಕಳ ಅಧ್ಯಯನ ಕೇಂದ್ರ ಮಾಡೋಣ ಎಂಬುದು ಇನ್ನೊಂದು. ಎರಡೂ ಕಡೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ನಾನು ಎರಡನೆಯ ಪಕ್ಷದವಳು. ಯಾಕೆ ಎಂದು ಹೇಳುತ್ತೇನೆ, ತೀರ್ಮಾನ ನಿಮ್ಮದು.

ಹಳೆಯ ಕಟ್ಟಡದಲ್ಲಿ ಹೊಸ ವಿದ್ಯೆ ನಡೆಯುತ್ತದೆಯೇ ಎಂದು ಕೇಳುವವರು ಮೈಸೂರಿಗೆ ಹೋಗಿ ನೋಡಬೇಕು. ನಮ್ಮ ಮಕ್ಕಳು ಬಸ್ಸು ಹತ್ತಿ ಹೋಗುವುದು ಅಲ್ಲಿಗೇ ತಾನೆ?

ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಇದೆ. 1905ರಲ್ಲಿ ರಾಜಮನೆತನದ ಹೆಣ್ಣುಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ ಅದು. 125 ಕೋಣೆ, 300 ಕಿಟಕಿ, 287 ಬಾಗಿಲು ಎಂದು ಲೆಕ್ಕ ಹೇಳುತ್ತಾರೆ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ವಿದ್ಯಾಕೇಂದ್ರಕ್ಕೆ ಜಾಗ ಹುಡುಕಿದರು. 1959ರಲ್ಲಿ ಈ ಅರಮನೆ ವಿಶ್ವವಿದ್ಯಾಲಯಕ್ಕೆ ಬಂತು. 1968ರಲ್ಲಿ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಜೀ.ಶಂ. ಪರಮಶಿವಯ್ಯನವರು, ಪಿ.ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿ ತಿರುಗಿ ವಸ್ತುಗಳನ್ನು ತಂದು ಸೇರಿಸಿದರು. ರಾಜಕುಮಾರಿಯ ಮನೆಯಲ್ಲಿ ರೈತನ ನೇಗಿಲಿಗೆ, ಕುಂಬಾರನ ಮಡಕೆಗೆ, ಸೋಬಾನೆ ಹೇಳುವ ಹೆಂಗಸಿನ ಬುಟ್ಟಿಗೆ ಜಾಗ ಸಿಕ್ಕಿತು. ಅವುಗಳ ಮೇಲೆ ಸಂಶೋಧನೆ ನಡೆಯಿತು, ಪಿಎಚ್.ಡಿ. ಪದವಿ ಬಂತು.

ಮೈಸೂರಿನ ಇನ್ನೊಂದು ಅರಮನೆ ಚೆಲುವಾಂಬಾ ವಿಲಾಸ. ಅದು ಇನ್ನೊಬ್ಬ ರಾಜಕುಮಾರಿಯ ಮನೆ. 1950ರ ಅಕ್ಟೋಬರ್‌ನಲ್ಲಿ ಅದರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವೆಲ್ಲ ಸಿ.ಎಫ್.ಟಿ.ಆರ್.ಐ. ಎನ್ನುವ ಸಂಸ್ಥೆ ಆರಂಭವಾಯಿತು. ಎಮ್ಮೆ ಹಾಲಿನಿಂದ ಮಕ್ಕಳಿಗೆ ಒಗ್ಗುವ ಹಾಲಿನ ಪುಡಿ ಮಾಡುವ ವಿಧಾನವನ್ನು ಕಂಡುಹಿಡಿದದ್ದು ಅಲ್ಲಿನ ವಿಜ್ಞಾನಿಗಳು. ಅಮುಲ್‌ನವರು ಅದನ್ನು ತಯಾರಿಸಿದರು. ಆ ಡಬ್ಬಿಯ ಹಾಲು ಕುಡಿದು ಬೆಳೆದವರು ಈ ಸಭೆಯಲ್ಲೂ ಇರಬಹುದು. ಅರಮನೆ ಕೆಡವಿದ್ದರೆ ಮಾತ್ರ ಪ್ರಯೋಗಾಲಯ ಎಂದು ಯಾರೂ ಹಟ ಹಿಡಿಯಲಿಲ್ಲ. ಇದ್ದ ಮನೆಯಲ್ಲೇ ಕೆಲಸ ಶುರು ಮಾಡಿದರು. ಆಮೇಲೆ ಬೇಕಾದ ಹೊಸ ಕಟ್ಟಡಗಳು ಸುತ್ತಲೂ ಎದ್ದವು.

ಮೂರನೆಯದು ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿನ ಕಟ್ಟಡದಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂದು ಆರಂಭವಾಯಿತು. ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ತಂದುಕೊಟ್ಟವರ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಆದರೆ ಅವರ ದಾನ ಕೆಲಸ ಮಾಡುತ್ತಲೇ ಇದೆ. ಇದಕ್ಕೇ ಅಲ್ಲವೇ ನಾವು ಸದಖಾ ಜಾರಿಯಾ, ನಿಲ್ಲದೆ ಹರಿಯುವ ದಾನ ಎನ್ನುವುದು? ಕೊಡುವ ಕೈ ಒಂದು ಬೇಕು, ಇಡಲು ಸೂರು ಬೇಕು, ಕುಳಿತು ಓದುವವನಿಗೆ ಒಂದು ಮೇಜು ಬೇಕು. ಮೂರೂ ಸೇರಿದಾಗ ವಿದ್ಯೆ ಬೆಳೆಯುತ್ತದೆ.

ಇನ್ನು ಇದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನ್ಯಾಯವಾಗುವುದಿಲ್ಲ.

ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದ್ರಸಾ ಇದೆ. ಮೂರು ಅಂತಸ್ತು. ಪಾಠದ ಸಭಾಂಗಣ, ಗ್ರಂಥಾಲಯ, ಗುರುಗಳಿಗೆ ಕೋಣೆ, ವಿದ್ಯಾರ್ಥಿಗಳಿಗೆ ಕೋಣೆ, ನಡುವೆ ಅಂಗಳ. ಇಂದಿನ ವಿಶ್ವವಿದ್ಯಾಲಯದಲ್ಲಿ ಏನಿರಬೇಕೋ ಅದೆಲ್ಲ ಅಲ್ಲಿತ್ತು. ಮುಂದೆ ಮೊಗಲರ ಕಾಲದಲ್ಲಿ ಅದರ ಒಂದು ಭಾಗ ಸೈನ್ಯದ ಬಳಕೆಗೆ ಹೋಯಿತು. ಪುಸ್ತಕ ಇರಬೇಕಾದ ಕಡೆ ಸಿಡಿಮದ್ದು ತುಂಬಿದರು. 17ನೇ ಶತಮಾನದ ಕೊನೆಗೆ ಅದು ಸಿಡಿದು, ಮುಂಭಾಗವೂ ಒಂದು ಮಿನಾರೂ ಹಾರಿಹೋದವು. ಉಳಿದ ಒಂದು ಮಿನಾರಿನಲ್ಲಿ ನೀಲಿ ಹೆಂಚಿನ ಚೂರುಗಳು ಈಗಲೂ ಹೊಳೆಯುತ್ತವೆ. ಎರಡು ಶತಮಾನ ನಿಂತಿದ್ದ ಕಟ್ಟಡವನ್ನು ಅದಕ್ಕೆ ತಕ್ಕದ್ದಲ್ಲದ ಬಳಕೆ ಒಡೆಯಿತು. ಉಪಯೋಗ ಮುಖ್ಯ, ಎಂಥ ಉಪಯೋಗ ಎಂಬುದೂ ಅಷ್ಟೇ ಮುಖ್ಯ.

ನಮ್ಮ ಕಣ್ಣಮುಂದಿನ ಮಾತಿಗೆ ಬರೋಣ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯೇ? ಅರ್ಧ ಬೆಲೆಯ ಪಠ್ಯಪುಸ್ತಕಕ್ಕಾಗಿ ನಮ್ಮ ತಲೆಮಾರಿನವರು ಅಲ್ಲಿನ ಹಳೆ ಪುಸ್ತಕದ ಅಂಗಡಿಗಳಿಗೇ ಹೋಗುತ್ತಿದ್ದುದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಬಿತ್ತು. ದೇವರ ದಯೆ, ಮಕ್ಕಳಿಗೆ ಏನೂ ಆಗಲಿಲ್ಲ. ಹಳೆಯದೆಂಬ ಅಭಿಮಾನ ಒಂದೇ ಇದ್ದರೆ ಸಾಲದು. ಮೇಲಿನ ಸೂರು ಗಟ್ಟಿ ಇದೆಯೇ ಎಂದು ಗೊತ್ತಾಗುವವರೆಗೆ ಅದರ ಕೆಳಗೆ ಒಂದು ಮಗುವನ್ನೂ ಕೂರಿಸಬಾರದು.

ಜಯಲಕ್ಷ್ಮಿ ವಿಲಾಸದ ಕಥೆಯಲ್ಲೂ ಒಂದು ಪಾಠ ಇದೆ. ಅದು ಒಮ್ಮೆ ತೀರಾ ಹಾಳಾಗಿತ್ತು. ಇನ್ಫೋಸಿಸ್ ಪ್ರತಿಷ್ಠಾನ 1 ಕೋಟಿ 17 ಲಕ್ಷ ರೂಪಾಯಿ ಕೊಟ್ಟಿತು. ದುರಸ್ತಿಯಾಗಿ 2006ರ ಹೊತ್ತಿಗೆ ಮತ್ತೆ ಬಾಗಿಲು ತೆರೆಯಿತು. ಆದರೆ ಎರಡು ದಶಕ ಕಳೆಯುವುದರೊಳಗೆ ಮತ್ತೆ ಸೋರಿತು, ಮತ್ತೆ ದುರಸ್ತಿಗೆ ಹಣ ಹುಡುಕಬೇಕಾಯಿತು. ಒಂದು ಸಲ ದೊಡ್ಡ ಮೊತ್ತ ಖರ್ಚು ಮಾಡಿ ಫಲಕ ಹಾಕುವುದಕ್ಕಿಂತ, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹತ್ತು ಒಡೆದ ಹೆಂಚು ಬದಲಾಯಿಸುವುದು ದೊಡ್ಡ ಕೆಲಸ. ಆ ಕೆಲಸಕ್ಕೆ ಫಲಕ ಹಾಕುವುದಿಲ್ಲ, ಆದ್ದರಿಂದ ದಾನಿಗಳೂ ಸಿಗುವುದಿಲ್ಲ. ಇಲ್ಲಿರುವ ದಾನಿಗಳು ಈ ಮಾತನ್ನು ದಯವಿಟ್ಟು ನೆನಪಿಡಬೇಕು.

ಹಾಗಾದರೆ ಹಳೆಯ ಮನೆಯ ಒಳಗನ್ನು ಓದುವ ಜಾಗವಾಗಿ ಮಾಡುವುದು ಹೇಗೆ? ತಿಳಿದವರನ್ನು ಕೇಳಿ, ನೋಡಿ ಅರ್ಥಮಾಡಿಕೊಂಡದ್ದನ್ನು ಪಾಠದ ಹಾಗೆ ಹೇಳುತ್ತೇನೆ. ಅಭ್ಯಾಸ ಬಿಡುವುದಿಲ್ಲ, ಮನ್ನಿಸಿ.

ಮೊದಲನೆಯದು, ಸುಣ್ಣದ ಗೋಡೆಗೆ ಸುಣ್ಣವೇ ಔಷಧಿ. ಹಿಂದಿನವರು ಸುಣ್ಣ, ಮರಳು ಅರೆದು ಗಾರೆ ಮಾಡಿ, ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಕಟ್ಟುತ್ತಿದ್ದರು. ಅಂಥ ಗೋಡೆ ತೇವವನ್ನು ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. ಗಟ್ಟಿಯಾಗಲಿ ಎಂದು ಅದರ ಮೇಲೆ ಸಿಮೆಂಟು ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ಮೇಲೆ ನುಣುಪು, ಒಳಗೆ ಟೊಳ್ಳು.

ಎರಡನೆಯದು, ಸೂರನ್ನು ಮುಚ್ಚಬಾರದು. ಅಂದಕ್ಕೆಂದು ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆದರೆ ಸೋರುವುದೂ ಕಾಣುವುದಿಲ್ಲ, ಗೆದ್ದಲು ತಿನ್ನುವುದೂ ಕಾಣುವುದಿಲ್ಲ. ಎತ್ತರದ ಸೂರಿನಿಂದ ಬೇಸಗೆಯಲ್ಲಿ ತಂಪು ಇರುತ್ತದೆ. ಚಾಮರಾಜನಗರ ಜಿಲ್ಲೆಯ ಬಿಸಿಲಿಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಪಡಸಾಲೆಯಲ್ಲಿ ಮಾತು ಪ್ರತಿಧ್ವನಿಸುತ್ತದೆ ಎನ್ನುವಿರಾದರೆ, ಗೋಡೆಯ ಉದ್ದಕ್ಕೂ ಪುಸ್ತಕದ ಬೀರು ಇಟ್ಟು, ನೆಲಕ್ಕೆ ಜಮಖಾನೆ ಹಾಸಿದರೆ ಅರ್ಧ ಸದ್ದು ಅಡಗುತ್ತದೆ.

ಮೂರನೆಯದು, ಪುಸ್ತಕಕ್ಕೆ ತೂಕ ಇದೆ. ಮರದ ಅಟ್ಟದ ನಡುವೆ ಬೀರು ನಿಲ್ಲಿಸಬಾರದು. ಭಾರ ಎಲ್ಲ ಕೆಳಗಿನ ನೆಲದ ಮೇಲೆ, ಗೋಡೆಯ ಪಕ್ಕದಲ್ಲಿರಬೇಕು. ಗೋಡೆಗೆ ಒಂದು ಗೇಣು ಬಿಟ್ಟು ಇಟ್ಟರೆ ಗಾಳಿಯಾಡುತ್ತದೆ, ಪುಸ್ತಕಕ್ಕೆ ತೇವ ತಾಗುವುದಿಲ್ಲ.

ನಾಲ್ಕನೆಯದು ವಿದ್ಯುತ್ತು. ಇಂದಿನ ಓದಿಗೆ ಲ್ಯಾಪ್‌ಟಾಪ್ ಬೇಕು, ಇಂಟರ್‌ನೆಟ್ ಬೇಕು, ಪ್ರತಿ ಮೇಜಿಗೆ ಪ್ಲಗ್ ಬೇಕು. ಅದಕ್ಕಾಗಿ ಹಳೆಯ ಗೋಡೆಯನ್ನು ಕೊರೆದು ಸೀಳಬಾರದು. ಪೈಪಿನಲ್ಲಿ ತಂತಿ ಎಳೆದು ಗೋಡೆಯ ಮೇಲೇ, ಕಾಣುವ ಹಾಗೆ ಒಯ್ಯಬೇಕು. ಹಳೆಯ ತಂತಿಯನ್ನು ಪೂರ್ತಿ ಕಿತ್ತು ಹೊಸದು ಹಾಕಬೇಕು. ತೊಲೆ, ಜಂತೆ ಎಲ್ಲ ಮರ. ಒಂದು ಕಿಡಿ ಸಾಕು. ಬೆಂಕಿ ಆರಿಸುವ ಸಿಲಿಂಡರು, ಹೊರಗೆ ಓಡಲು ಎರಡನೆಯ ಬಾಗಿಲು ಇವೆರಡೂ ಇಲ್ಲದೆ ಉದ್ಘಾಟನೆಯೇ ಬೇಡ.

ಐದನೆಯದು, ಹೊಸದಾಗಿ ಏನು ಸೇರಿಸಿದರೂ ಮುಂದೆ ಬಿಚ್ಚಲು ಬರುವಂತಿರಬೇಕು. ಕೋಣೆ ವಿಂಗಡಿಸಲು ಇಟ್ಟಿಗೆ ಗೋಡೆ ಬೇಡ, ಆಳೆತ್ತರದ ಮರದ ಅಡ್ಡಗೋಡೆ ಸಾಕು. ಇಂದಿನ ಮಕ್ಕಳಿಗೆ ಕಂಪ್ಯೂಟರ್ ಬೇಕು, ಮುಂದಿನ ಪೀಳಿಗೆಗೆ ಏನು ಬೇಕೋ ನಮಗೇನು ಗೊತ್ತು? ಅವರ ಕೈ ಕಟ್ಟಿಹಾಕುವ ಅಧಿಕಾರ ನಮಗಿಲ್ಲ.

ಇವೆಲ್ಲ ದೊಡ್ಡ ಊರಿನ ಮಾತಲ್ಲವೇ ಎಂದು ಹಿಂಜರಿಯಬೇಡಿ. ಮೊರಾಕೊ ದೇಶದ ಫೆಸ್ ನಗರದಲ್ಲಿ 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ತನಗೆ ಬಂದ ಪಿತ್ರಾರ್ಜಿತ ಹಣದಲ್ಲಿ ಮಸೀದಿ ಕಟ್ಟಿಸಿದರು. ಅದರ ಜೊತೆಯಲ್ಲೇ ಬೆಳೆದದ್ದು ಅಲ್ ಖರವಿಯ್ಯೀನ್ ವಿದ್ಯಾಕೇಂದ್ರ. ಅಲ್ಲಿನ ಹಳೆಯ ಗ್ರಂಥಾಲಯಕ್ಕೆ ತೇವ ಏರಿ ಹಸ್ತಪ್ರತಿಗಳಿಗೆ ಅಪಾಯ ಬಂತು. ಈಚೆಗೆ ಅದರ ದುರಸ್ತಿಯ ಹೊಣೆ ಹೊತ್ತವರೂ ಒಬ್ಬ ಮಹಿಳೆ, ಅಜೀಜಾ ಶಾವ್ನಿ ಎಂಬ ವಾಸ್ತುಶಿಲ್ಪಿ. ಅವರು ಗೋಡೆಗಳನ್ನು ಉಳಿಸಿಕೊಂಡರು, ನೆಲದಡಿಯ ನೀರು ಹೊರಹೋಗಲು ಕಾಲುವೆ ಮಾಡಿಸಿದರು, ಹಸ್ತಪ್ರತಿಗಳ ಕೋಣೆಗೆ ಹವೆ ಹದವಾಗಿಡುವ ಯಂತ್ರ ತಂದರು. ಒಬ್ಬಳು ಕೊಟ್ಟದ್ದನ್ನು ಸಾವಿರದ ನೂರು ವರ್ಷಕ್ಕೂ ಮೀರಿದ ಮೇಲೆ ಇನ್ನೊಬ್ಬಳು ಕಾಪಾಡಿದಳು. ಇಲ್ಲಿರುವ ಹೆಣ್ಣುಮಕ್ಕಳು ಇಂಜಿನಿಯರಿಂಗ್, ವಾಸ್ತುಶಿಲ್ಪ ಆರಿಸಿಕೊಳ್ಳಲು ಮನೆಯಲ್ಲಿ ಯಾರಾದರೂ ಬೇಡವೆಂದರೆ ಈ ಎರಡು ಹೆಸರು ಹೇಳಿ.

ನಮ್ಮ ನೆಲದಲ್ಲೂ ಕಟ್ಟುವ ಕೈಗಳಿಗೆ ಬರ ಇರಲಿಲ್ಲ. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನಲ್ಲಿ ಬಳೆ ಕೊರೆದು ಸರಪಳಿ ಮಾಡಿದ ಊರು ನಮ್ಮದು. ಕೊಳ್ಳೇಗಾಲದ ನೇಕಾರರ ಕೈಯಲ್ಲಿ ಒಂದೆಳೆ ಹೆಚ್ಚುಕಡಿಮೆಯಾದರೂ ಸೀರೆ ಒಪ್ಪುವುದಿಲ್ಲ. ಅಂಥವರ ಮಕ್ಕಳು ನಾವು, ಒಂದು ಹೆಂಚಿನ ಮನೆಯನ್ನು ಸರಿಪಡಿಸಲಾರೆವೇ?

ಈಗ ಲೆಕ್ಕಕ್ಕೆ ಬರೋಣ. ಮಳಿಗೆ ಕಟ್ಟಿದರೆ ಬಾಡಿಗೆ ಬರುತ್ತದೆ ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಬಾಡಿಗೆಯಿಂದ ಬರುವ ಒಂದೊಂದು ಸಾವಿರವೂ ಒಂದು ಮಗುವಿನ ಪರೀಕ್ಷಾ ಶುಲ್ಕ. ಆದರೆ ಕೆಡವುವುದಕ್ಕೂ ಹಣ ಬೇಕು, ಕಟ್ಟುವುದಕ್ಕೆ ಇನ್ನೂ ಹೆಚ್ಚು ಬೇಕು. ಆ ಸಾಲ ತೀರುವವರೆಗೆ ಬಾಡಿಗೆ ಮಕ್ಕಳ ಕೈ ಸೇರುವುದಿಲ್ಲ. ಆದ್ದರಿಂದ ನಡುವಿನ ದಾರಿಯೊಂದನ್ನು ಸಭೆಯ ಮುಂದಿಡುತ್ತೇನೆ.

ಮೊದಲು, ಹಳೆಯ ಕಟ್ಟಡಗಳ ಅನುಭವವಿರುವ ಇಂಜಿನಿಯರರಿಂದ ಮನೆಯ ಪರೀಕ್ಷೆ ಆಗಲಿ. ಗೋಡೆ, ತೊಲೆ ನಿಲ್ಲುವುದಿಲ್ಲ ಎಂದು ಅವರು ಬರೆದುಕೊಟ್ಟರೆ ನಾನು ಒಂದು ಮಾತೂ ಆಡುವುದಿಲ್ಲ, ಕೆಡವೋಣ. ನಿಲ್ಲುತ್ತದೆ ಎಂದರೆ, ಬೀದಿಗೆ ಮುಖ ಮಾಡಿರುವ ಎರಡು ಕೋಣೆಗಳನ್ನು ಮಾತ್ರ ಬಾಡಿಗೆಗೆ ಕೊಡೋಣ. ಪುಸ್ತಕ, ಜೆರಾಕ್ಸ್, ಹೊಲಿಗೆ, ಯಾವುದಾದರೂ ಬೆಂಕಿಯ ಭಯವಿಲ್ಲದ ವ್ಯಾಪಾರ. ಆ ಬಾಡಿಗೆಯಲ್ಲೇ ವರ್ಷದ ದುರಸ್ತಿ, ಕರೆಂಟ್ ಬಿಲ್ಲು, ಕಾವಲುಗಾರರ ಸಂಬಳ ನಡೆಯಲಿ. ಹಿಂದಿನ ಪಡಸಾಲೆ, ಕೋಣೆಗಳು ಮಕ್ಕಳಿಗೆ. ಕಿಟಕಿಯ ಪಕ್ಕ ಮೇಜುಗಳು, ಒಂದು ಕೋಣೆಯಲ್ಲಿ ನಾಲ್ಕಾರು ಕಂಪ್ಯೂಟರ್, ಇನ್ನೊಂದರಲ್ಲಿ ಗುಂಪಾಗಿ ಕುಳಿತು ಚರ್ಚಿಸಲು ಅವಕಾಶ. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ. ಅದನ್ನು ಹಿತ್ತಿಲಿನಲ್ಲಿ ಹೊಸದಾಗಿ ಕಟ್ಟಿದರೆ ಹಳೆಯ ಗೋಡೆಗೆ ನೀರು ಇಳಿಯುವುದಿಲ್ಲ. ಗಾಲಿಕುರ್ಚಿಯ ಮಗು ಒಳಗೆ ಬರಲು ಜಗುಲಿಯ ಪಕ್ಕ ಒಂದು ಇಳಿಜಾರು. ಜಾತಿ, ಧರ್ಮ ಕೇಳದೆ ಊರಿನ ಯಾವ ಕಾಲೇಜು ಮಗು ಬಂದರೂ ಕುಳಿತು ಓದಲಿ. ಪಕ್ಕದ ಮನೆಯ ಮಗುವನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಅದು ವಿದ್ಯಾಕೇಂದ್ರವಾಗುವುದಿಲ್ಲ.

ಹಣದ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ. ಜಕಾತಿನ ಹಣದಲ್ಲಿ ಒಂದು ರೂಪಾಯಿಯನ್ನೂ ಈ ಕಟ್ಟಡಕ್ಕೆ ಮುಟ್ಟಬಾರದು. ಅದು ಬಡ ಮಕ್ಕಳ ಹಕ್ಕು, ಅವರ ಶುಲ್ಕಕ್ಕೇ ಹೋಗಬೇಕು. ಕಟ್ಟಡಕ್ಕೆ ಬೇರೆ ದಾನ, ಬೇರೆ ಖಾತೆ, ಬೇರೆ ಲೆಕ್ಕ. ಆ ಲೆಕ್ಕ ಪ್ರತಿ ವರ್ಷ ಈ ವರದಿಯಲ್ಲಿ ಅಚ್ಚಾಗಬೇಕು. ಲಕ್ಷ ಕೊಡುವವರು ಲಕ್ಷ ಕೊಡಲಿ. ಆಗದವರು ಒಂದು ಕುರ್ಚಿ ಕೊಡಲಿ, ಬಡಗಿಗಳು ಒಂದು ದಿನದ ಕೆಲಸ ಕೊಡಲಿ, ಎಲೆಕ್ಟ್ರಿಷಿಯನ್ನರು ಒಂದು ಕೋಣೆಯ ವೈರಿಂಗ್ ಮಾಡಿಕೊಡಲಿ.

ತಾಯಂದಿರಿಗೆ ನನ್ನದೊಂದು ಬೇಡಿಕೆ. ಮಗಳು ಕಾಲೇಜು ಮುಗಿಸಿ ಎರಡು ಗಂಟೆ ಅಲ್ಲಿ ಕುಳಿತು ಓದುತ್ತೇನೆಂದರೆ ಕಳಿಸಿಕೊಡಿ. ಯಾವ ಹೊತ್ತಿಗೆ ತೆರೆದಿರಬೇಕು, ಯಾರು ಮೇಲ್ವಿಚಾರಣೆಗಿರಬೇಕು, ಬಸ್ ನಿಲ್ದಾಣದವರೆಗೆ ಜೊತೆಗೆ ಯಾರು ಬರಬೇಕು, ನೀವೇ ಹೇಳಿ. ನೀವು ಹೇಳಿದಂತೆ ನಿಯಮ ಮಾಡೋಣ. ನಿವೃತ್ತ ಶಿಕ್ಷಕರು ನಾವು ಹಲವರಿದ್ದೇವೆ. ಸರದಿಯ ಮೇಲೆ ಬಂದು ಕೂರುತ್ತೇವೆ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಮಕ್ಕಳೇ, ಇಂದು ನೀವು ಪಡೆಯುವ ಚೆಕ್ಕು ಈ ವರ್ಷದ ಶುಲ್ಕಕ್ಕೆ ಸರಿಹೋಗುತ್ತದೆ. ಮುಂದಿನ ವರ್ಷದ ಅರ್ಜಿಯಲ್ಲಿ ಅಂಕಗಳ ಜೊತೆಗೆ ಇನ್ನೊಂದು ಸಾಲು ಬರೆಯಿರಿ: ದಿನಕ್ಕೆ ಎಷ್ಟು ಹೊತ್ತು, ಎಲ್ಲಿ ಕುಳಿತು ಓದುತ್ತೀರಿ ಎಂದು. ಆ ಉತ್ತರಗಳನ್ನು ಓದಿದ ಮೇಲೆ ಈ ಟ್ರಸ್ಟಿಗೆ ಮನೆಯ ಬೀಗವನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಮನೆಯನ್ನು ಕೊಟ್ಟವರ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ಅದನ್ನು ನೋಡಿಕೊಳ್ಳುವ ಶಕ್ತಿಯನ್ನು ನಮಗೆ ಕೊಡಲಿ.